ನೆಲ ತಿಳಿದರೆ ಜೇಕು ತಿಳಿದೀತು

(ಉತ್ತರ ಕೆರೊಲಿನಾದಲ್ಲಿ ನೆಲೆಸಿ, ಅಪರೂಪದ ಗಿಡಗಳ ಸಮೀಕ್ಷೆಗೆ ಸ್ವಯಂಸೇವಕಿಯಾಗಿ ಹೋಗುವ ಮಗಳು. ಸಾಗರದ ಕಡೆ ಅಡಿಕೆ ತೋಟ, ಒಂದಿಷ್ಟು ಗದ್ದೆ ಇಟ್ಟುಕೊಂಡಿರುವ ಚಿಕ್ಕಪ್ಪ. ಅವಳು ಊರಿಗೆ ಬಂದಾಗಿನ ಮಳೆಗಾಲದ ಮಾತುಕತೆ.)

ಚಿಕ್ಕಪ್ಪ: ಗದ್ದೆಯಲ್ಲಿ ಜೇಕು ಕೀಳಿಸೋದಕ್ಕೆ ಆಳು ಸಿಗದೆ ನಾನಿಲ್ಲಿ ಒದ್ದಾಡ್ತಿದ್ದೀನಿ. ನೀನು ಅಮೆರಿಕಾದಲ್ಲಿ ಜೇಕು ಹುಡುಕೋದಕ್ಕೆ ಕಾರು ಹತ್ತಿ ಹೋಗ್ತೀಯಂತೆ. ಎಷ್ಟು ಬೇಕು ಹೇಳು, ಇಲ್ಲಿಂದಲೇ ಮೂಟೆ ಕಟ್ಟಿ ಕೊಡ್ತೀನಿ.

ಮಗಳು: ಈ ಜೇಕು ಯಾರಿಗೂ ಬೇಡ ಚಿಕ್ಕಪ್ಪ. ತುಂಗೆಗಡ್ಡೆಯನ್ನಂತೂ ಪ್ರಪಂಚದ ಅತಿ ಕೆಟ್ಟ ಕಳೆ ಅಂತಲೇ ಕೃಷಿ ವಿಜ್ಞಾನಿಗಳು ಕರೀತಾರೆ. ನಾನು ಹುಡುಕೋದು ಅದೇ ಕುಟುಂಬದ ಇನ್ನೊಂದು ಗಿಡ, ಕೇರೆಕ್ಸ್ ಲೂಟಿಯಾ. ಅಲ್ಲಿಯವರು ಗೋಲ್ಡನ್ ಸೆಜ್ ಅಂತಾರೆ, ನಾವು ಹೊಂಬಣ್ಣದ ಜೇಕು ಅನ್ನೋಣ. ಉತ್ತರ ಕೆರೊಲಿನಾದ ಪೆಂಡರ್, ಆನ್‌ಸ್ಲೋ ಅನ್ನೋ ಎರಡು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥವು, ಬಿಟ್ಟರೆ ಪ್ರಪಂಚದಲ್ಲಿ ಮತ್ತೆಲ್ಲೂ ಅದು ಸಿಕ್ಕಿಲ್ಲ.

ಚಿಕ್ಕಪ್ಪ: ಎರಡು ಕೌಂಟಿ ಅಂದರೆ ಬೇಕಾದಷ್ಟು ಜಾಗ ಆಯ್ತಲ್ಲ.

ಮಗಳು: ಎರಡೂ ಕೌಂಟಿಯ ತುಂಬ ಇದ್ದಿದ್ದರೆ ಆಗ್ತಿತ್ತು. ಗೊತ್ತಿರುವ ಗಿಡಗಳೆಲ್ಲ ಸುಮಾರು 26 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲದ ಪಟ್ಟಿಯೊಳಗೇ ಇದ್ದಾವೆ. ಆ ಪಟ್ಟಿಯೊಳಗೂ ಅಲ್ಲೊಂದು ತುಣುಕು, ಇಲ್ಲೊಂದು ತುಣುಕು. ಅದನ್ನು ಉಳಿಸೋದಕ್ಕೆ ಅಮೆರಿಕಾ ಸರ್ಕಾರ 2011ರಲ್ಲಿ ಅಗತ್ಯ ಆವಾಸ ಅಂತ ಗುರುತು ಹಾಕಿದ ನೆಲ ಎಂಟು ತುಣುಕು ಸೇರಿ ಸುಮಾರು 202 ಎಕರೆ.

ಚಿಕ್ಕಪ್ಪ: ಇನ್ನೂರು ಎಕರೆ! ನಮ್ಮೂರಿನ ತೋಟ, ಗದ್ದೆ ಕೂಡಿಸಿದರೆ ಅದಕ್ಕಿಂತ ಹೆಚ್ಚಾದೀತು. ಇರಲಿ, ಅದು ಹುಲ್ಲಲ್ಲ, ಜೇಕೇ ಅಂತ ಹೇಗೆ ಗೊತ್ತಾಗುತ್ತೆ? ದೂರದಿಂದ ನೋಡಿದರೆ ಎಲ್ಲವೂ ಹಸಿರು ಗರಿ.

ಮಗಳು: ನಿಮ್ಮ ಬದುವಿನ ಮೇಲೇ ನೋಡೋಣ. ಈ ಜೇಕಿನ ಕಡ್ಡಿ ತಗೊಳ್ಳಿ. ಹೆಬ್ಬೆರಳು, ತೋರುಬೆರಳ ನಡುವೆ ಹೊರಳಿಸಿ.

ಚಿಕ್ಕಪ್ಪ: ಹೊರಳೋದಿಲ್ಲ, ತಡೀತದೆ. ಮೂರು ಮೂಲೆ ಇದೆ.

ಮಗಳು: ಹೌದಾ? ಈಗ ಉಗುರಲ್ಲಿ ಚಿವುಟಿ. ಒಳಗೆ ಬೆಂಡು ತುಂಬಿಕೊಂಡಿದೆ. ಪಕ್ಕದ ಹುಲ್ಲಿನ ಕಡ್ಡಿ ದುಂಡಗಿದೆ, ಟೊಳ್ಳು, ಅಲ್ಲಲ್ಲಿ ಗೆಣ್ಣು. ಇನ್ನು ಜೇಕನ್ನು ಮೇಲಿನಿಂದ ನೋಡಿ, ಎಲೆ ಮೂರು ಸಾಲಿನಲ್ಲಿ ಹೊರಟಿದೆ. ಹುಲ್ಲಿನದು ಎರಡೇ ಸಾಲು. ಎಲೆಯ ಬುಡ ಕಡ್ಡಿಯನ್ನು ಸುತ್ತಿಕೊಂಡಿರೋ ಕಡೆ ಹುಲ್ಲಿನಲ್ಲಿ ಸಾಮಾನ್ಯವಾಗಿ ಸೀಳಿರುತ್ತೆ, ಬಿಚ್ಚಬಹುದು. ಜೇಕಿನಲ್ಲಿ ಮುಚ್ಚಿದ ಕೊಳವೆ. ಕಡ್ಡಿ ದುಂಡಗಿರೋ ಜೇಕುಗಳೂ ಇದ್ದಾವೆ. ಹಾಗಾಗಿ ಮೂಲೆ ಒಂದನ್ನೇ ನೆಚ್ಚೋ ಹಾಗಿಲ್ಲ, ಎಲ್ಲ ಗುರುತನ್ನೂ ನೋಡಬೇಕು.

ಚಿಕ್ಕಪ್ಪ: ಅಷ್ಟಾದರೆ ಮುಗೀತಲ್ಲ.

ಮಗಳು: ಅಷ್ಟಾದರೆ ಕುಟುಂಬದ ಹೊಸಿಲು ದಾಟಿದ ಹಾಗೆ, ಅಷ್ಟೆ. ಕೇರೆಕ್ಸ್ ಅನ್ನೋ ಒಂದು ಕುಲದಲ್ಲೇ ಸುಮಾರು ಎರಡು ಸಾವಿರ ಜಾತಿ. ಹೂ ಬಿಡೋ ಗಿಡಗಳ ಅತಿ ದೊಡ್ಡ ಕುಲಗಳಲ್ಲಿ ಅದೂ ಒಂದು. ದಳ ಇಲ್ಲ, ಪರಿಮಳ ಇಲ್ಲ, ಗಾಳಿಯೇ ಪರಾಗ ಸಾಗಿಸೋದು. ಗುರುತು ಹಿಡಿಯೋದಕ್ಕೆ ಮುಖ್ಯ ದಾರಿ ಅಂದರೆ ಕಾಯಿ. ಕೇರೆಕ್ಸ್ ಕಾಯಿಯ ಸುತ್ತ ಪುಟ್ಟ ಹೂಜಿಯಂಥ ಚೀಲ ಇರುತ್ತೆ. ಆ ಚೀಲದ ಆಕಾರ, ಅದರ ಮೇಲಿನ ಗೀರು, ತುದಿಯ ಕೊಕ್ಕು, ಕೊಕ್ಕು ಯಾವ ಕಡೆ ಬಾಗಿದೆ ಅನ್ನೋದು, ಇಷ್ಟನ್ನೂ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಲೆನ್ಸ್ ಹಿಡಿದು ನೋಡಬೇಕು.

ಚಿಕ್ಕಪ್ಪ: ನಿನ್ನ ಹೊಂಬಣ್ಣದ್ದಕ್ಕೆ ಏನು ಗುರುತು?

ಮಗಳು: ಎಲೆ ಹೆಚ್ಚಾಗಿ ಬುಡದಲ್ಲೇ, ಹಳದಿ ಮಿಶ್ರಿತ ಹಸಿರು, ಒಂದು ಅಡಿಗಿಂತ ಸ್ವಲ್ಪ ಚಿಕ್ಕದು. ಹೂ ಬಿಟ್ಟಾಗ ಮಾತ್ರ ಸಣ್ಣ ಕಡ್ಡಿ ಮೂರಡಿಗೂ ಮೇಲೆ ಹೋಗುತ್ತೆ. ತುದಿಯಲ್ಲಿ ಒಂದು ಗಂಡು ತೆನೆ. ಕೆಳಗೆ ಒಂದೋ ಎರಡೋ ಹೆಣ್ಣು ತೆನೆ, ಹೆಚ್ಚುಕಡಿಮೆ ಗುಂಡಗೆ, ಒಂದರಿಂದ ಒಂದೂವರೆ ಸೆಂಟಿಮೀಟರ್ ಉದ್ದ. ಹೂವಿನ ಕಾಲದಲ್ಲಿ ಈ ಹೆಣ್ಣು ತೆನೆ ಕಣ್ಣಿಗೆ ಹೊಡೆಯೋ ಹಳದಿ, ಬಲಿತಾಗ ಚಿನ್ನದ ಕಂದು. ಚೀಲಗಳು ಒತ್ತೊತ್ತಾಗಿ ಕೂತಿರ್ತಾವೆ, ಕೊಕ್ಕು ಹೊರಕ್ಕೆ ಬಾಗಿರುತ್ತೆ, ತೀರ ಕೆಳಗಿನವು ಪೂರ್ತಿ ಕೆಳಮುಖ. ಹಳದಿ ಬಣ್ಣ, ಎತ್ತರದ ಸಪೂರ ಕಡ್ಡಿ, ಬಾಗಿದ ಕೊಕ್ಕು. ಆ ಕರಾವಳಿ ಬಯಲಿನಲ್ಲಿ ಈ ಮೂರೂ ಕೂಡಿ ಬರೋ ಕೇರೆಕ್ಸ್ ಬೇರೆ ಇಲ್ಲ.

ಚಿಕ್ಕಪ್ಪ: ಅಂಥ ಹಳದಿ ಆಗಿದ್ದರೆ ದಾರಿಹೋಕನಿಗೂ ಕಂಡೀತು. ಅಪರೂಪ ಅಂತ ಯಾಕೆ ಹೆಸರು?

ಮಗಳು: ಆ ಬಣ್ಣ ವರ್ಷಪೂರ್ತಿ ಇರೋದಿಲ್ಲ. ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ ಕಾಯಿ ನೋಡಿ ಗುರುತು ಹಿಡಿಯಬಹುದು. ಆಮೇಲೆ ಅದು ಎಲೆಯ ಒಂದು ಬುಡ, ಸುತ್ತ ಅಂಥವೇ ಸಾವಿರ. ಕೆರೊಲಿನಾದ ಗಿಡಗಳನ್ನು ಹದಿನೆಂಟನೆಯ ಶತಮಾನದಿಂದ ಪಟ್ಟಿ ಮಾಡ್ತಾ ಬಂದಿದ್ದಾರೆ. ಫ್ರಾನ್ಸಿನ ಆಂಡ್ರೆ ಮಿಶೋ ಅಂಥವರು ಅಲ್ಲೆಲ್ಲ ತಿರುಗಿದ್ದರು. ಆದರೂ ಈ ಜೇಕು ವಿಜ್ಞಾನದ ಕಣ್ಣಿಗೆ ಬಿದ್ದದ್ದು 1991ರಲ್ಲಿ, ರಿಚರ್ಡ್ ಲೆಬ್ಲಾಂಡ್ ಅನ್ನೋ ಸಸ್ಯಶಾಸ್ತ್ರಜ್ಞರಿಗೆ. 1994ರಲ್ಲಿ ಹೊಸ ಜಾತಿ ಅಂತ ಹೆಸರಿಟ್ಟರು. 2002ರ ಜನವರಿಯಲ್ಲಿ ಅಳಿವಿನಂಚಿನ ಗಿಡಗಳ ಸರ್ಕಾರಿ ಪಟ್ಟಿಗೆ ಸೇರಿತು. ಹೆಸರಿಟ್ಟ ಮೇಲೆ ಎಂಟು ವರ್ಷಕ್ಕೇ ಅಳಿವಿನಂಚು!

ಚಿಕ್ಕಪ್ಪ: ಲೆಬ್ಲಾಂಡ್‌ಗೆ ಮಾತ್ರ ಹೇಗೆ ಕಂಡಿತು? ಅದೃಷ್ಟವಾ?

ಮಗಳು: ಅವರು ಆ ಸೀಮೆಯ ನೆಲವನ್ನು ಓದಬಲ್ಲವರು. ನಾನು ಹೇಳಬೇಕು ಅಂತಿದ್ದ ಮಾತು ಇದೇ. ಅಪರೂಪದ ಜೇಕನ್ನು ಹುಡುಕೋರು ಮೊದಲು ಜೇಕನ್ನು ಹುಡುಕೋದಿಲ್ಲ, ಅದಿರಬಹುದಾದ ಜಾಗ ಹುಡುಕ್ತಾರೆ. ಜಾಗ ಸರಿಯಿದ್ದರೆ ಮಾತ್ರ ಬಗ್ಗಿ ಲೆನ್ಸ್ ಹಿಡೀತಾರೆ.

ಚಿಕ್ಕಪ್ಪ: ಎಂಥ ಜಾಗ? ನಮ್ಮ ಕಡೆಯ ಜಡ್ಡಿಯಂಥ ಜೌಗು ಕಾಡಾ?

ಮಗಳು: ಒದ್ದೆ ವಿಷಯದಲ್ಲಿ ಜಡ್ಡಿಯೇ, ಮರದ ವಿಷಯದಲ್ಲಿ ಅಲ್ಲ. ಅದು ಪೈನ್ ಸವನ್ನಾ. ಸಪಾಟು ಮರಳು ನೆಲ, ಅಲ್ಲೊಂದು ಇಲ್ಲೊಂದು ಎತ್ತರದ ಪೈನ್ ಮರ, ಕೆಳಗೆ ಬಿಸಿಲು ಬೀಳೋ ಹುಲ್ಲು ಜೇಕುಗಳ ಹಾಸು. ನೆಲ ಸದಾ ಜೌಗು, ಮಳೆ ಬಂದಾಗ ಪಾದ ಮುಳುಗೋಷ್ಟು ನೀರು. ಆದರೆ ಅಂಥ ಸವನ್ನಾ ಆ ಕರಾವಳಿಯಲ್ಲಿ ಬೇರೆ ಕಡೆಯೂ ಇದೆ. ಅಲ್ಲೆಲ್ಲ ಹೊಂಬಣ್ಣದ ಜೇಕು ಇಲ್ಲ. ಯಾಕೆ ಅಂತೀರಿ?

ಚಿಕ್ಕಪ್ಪ: ಮಣ್ಣು ಬೇರೆ ಇರಬೇಕು.

ಮಗಳು: ಸರಿಯಾಗಿ ಹೇಳಿದಿರಿ. ಆ ಬಯಲಿನ ಮರಳು ಸಾಮಾನ್ಯವಾಗಿ ತೀರ ಹುಳಿ. ಪೋಷಕಾಂಶ ಎಷ್ಟು ಕಡಿಮೆ ಅಂದರೆ ಕೆಲವು ಗಿಡ ಹುಳ ಹಿಡಿದು ತಿಂದೇ ಬದುಕಬೇಕು. ವೀನಸ್ ಫ್ಲೈಟ್ರ್ಯಾಪ್ ಅನ್ನೋ ಕೀಟಾಹಾರಿ ಕಾಡಿನಲ್ಲಿ ತಾನಾಗಿ ಹುಟ್ಟೋದೂ ಆ ಸೀಮೆಯಲ್ಲೇ. ನಮ್ಮ ಕಲ್ಲುಹಾಸಿನ ಬಯಲಲ್ಲಿ ಮಳೆಗಾಲಕ್ಕೆ ಡ್ರೊಸೆರಾ ಕಾಣುತ್ತಲ್ಲ, ಅದರ ಕುಟುಂಬದ್ದು. ಹೊಂಬಣ್ಣದ ಜೇಕಿಗೆ ಅಂಥ ಹುಳಿ ಆಗಿಬರೋದಿಲ್ಲ. ಅದು ಇರೋ ಕಡೆ ಮರಳಿನ ಅಡಿಗೆ ಕೊಕಿನಾ ಅನ್ನೋ ಸುಣ್ಣದ ಕಲ್ಲಿದೆ. ಒಂದು ಕಾಲಕ್ಕೆ ಸಮುದ್ರದಲ್ಲಿದ್ದ ಚಿಪ್ಪುಗಳೇ ಕೂಡಿ ಕಲ್ಲಾಗಿದ್ದು ಅದು. ಆ ಸುಣ್ಣ ನೀರಿನ ಜೊತೆ ಬೇರಿಗೆ ತಲುಪುತ್ತೆ. ಮಣ್ಣಿನ ಪಿಎಚ್ 5.5ರಿಂದ 7.2ರವರೆಗೆ. ಆ ಸೀಮೆಗೆ ಇದು ತೀರ ಹೆಚ್ಚು.

ಚಿಕ್ಕಪ್ಪ: ಅದು ನನಗೆ ಅರ್ಥ ಆಗುತ್ತೆ. ಮಳೆಗೆ ತೋಟದ ಮಣ್ಣು ಹುಳಿಯಾಗುತ್ತೆ ಅಂತ ನಾವೂ ಅಡಿಕೆ ಬುಡಕ್ಕೆ ಸುಣ್ಣ ಹಾಕ್ತೀವಿ. ಅಲ್ಲಿ ಆ ಕೆಲಸವನ್ನು ಕಲ್ಲೇ ಮಾಡ್ತಿದೆ.

ಮಗಳು: ಅದಕ್ಕೇ ಅಲ್ಲಿ ಭೂವಿಜ್ಞಾನದ ನಕಾಶೆ, ಮಣ್ಣಿನ ನಕಾಶೆ ಮೊದಲು ನೋಡೋದು. ಎರಡನೆಯ ಸುಳಿವು ಅಂಚು. ಜೇಕು ಸವನ್ನಾದ ನಟ್ಟನಡುವಿನ ಬಟ್ಟಬಿಸಿಲಿಗಿಂತ, ಸವನ್ನಾ ಮುಗಿದು ಜೌಗು ಕಾಡು ಶುರುವಾಗೋ ಪಟ್ಟಿಯಲ್ಲಿ ಹೆಚ್ಚು. ಅರೆ ನೆರಳು. ಮೂರನೆಯದು ನೆರೆಹೊರೆ. ಹುಳಿ ಮಣ್ಣಿನ ಸವನ್ನಾದಲ್ಲಿ ಕಾಣದ ಟುಲಿಪ್ ಮರದಂಥವು ಜೌಗಿನ ಮರವಾದ ಪಾಂಡ್ ಸೈಪ್ರೆಸ್ ಜೊತೆ ನಿಂತಿದ್ದರೆ ಸುಣ್ಣದ ಸುಳಿವು ಸಿಕ್ಕ ಹಾಗೆ. ಕೂಲಿಯ ಮೆಡೊರೂ ಅನ್ನೋ ಇನ್ನೊಂದು ಗಿಡ ಕಂಡರಂತೂ ಹೆಜ್ಜೆ ನಿಧಾನ ಮಾಡಬೇಕು. ಅದೂ ಇದೇ ನೆಲವನ್ನು ಬಯಸೋದು, 1989ರಿಂದ ಅಳಿವಿನಂಚಿನ ಪಟ್ಟಿಯಲ್ಲಿರೋದು.

ಚಿಕ್ಕಪ್ಪ: ನಮ್ಮಲ್ಲಿ ಬಾವಿ ತೋಡೋ ಜಾಗವನ್ನು ಹಳಬರು ಮರ, ಹುತ್ತ ನೋಡಿ ಹೇಳ್ತಿದ್ದರು. ಆಯ್ತು, ಜಾಗ ಸಿಕ್ಕಿತು, ಗಿಡ ಸಿಕ್ಕಿತು. ಸುತ್ತ ಬೇಲಿ ಹಾಕಿ ಬಿಟ್ಟರೆ ತಾನಾಗಿ ಉಳಿಯುತ್ತೆ. ಅದರಲ್ಲಿ ಕಷ್ಟ ಏನು?

ಮಗಳು: ಬೇಲಿ ಹಾಕಿ ಬಿಟ್ಟರೆ ಅಲ್ಲಿ ಅದು ಸಾಯುತ್ತೆ.

ಚಿಕ್ಕಪ್ಪ: ಅದೆಂಥ ಮಾತು?

ಮಗಳು: ಅಲ್ಲಿಯ ಸವನ್ನಾ ಉಳಿದಿರೋದೇ ಬೆಂಕಿಯಿಂದ. ಸಿಡಿಲು ಹಚ್ಚಿದ ಬೆಂಕಿ, ಮೂಲನಿವಾಸಿಗಳು ಹಚ್ಚುತ್ತಿದ್ದ ಬೆಂಕಿ, ಕೆಲವೇ ವರ್ಷಕ್ಕೊಮ್ಮೆ ನೆಲದ ಮೇಲೆ ಹರಿದು ಹೋಗ್ತಿತ್ತು. ಪೊದೆ ಸುಡುತ್ತೆ, ಜೇಕಿನ ಬುಡ ಒದ್ದೆ ಮಣ್ಣಿನಲ್ಲಿ ಉಳಿದು ಮತ್ತೆ ಚಿಗುರುತ್ತೆ. ಅಲ್ಲಿಯ ಲಾಂಗ್‌ಲೀಫ್ ಪೈನ್ ಅಂತೂ ಮೊದಲ ಕೆಲವು ವರ್ಷ ಎತ್ತರಕ್ಕೇ ಹೋಗೋದಿಲ್ಲ. ಹುಲ್ಲಿನ ಬುಡದ ಹಾಗೆ ಕೂತು, ಉದ್ದುದ್ದ ಸೂಜಿ ಎಲೆಗಳ ನಡುವೆ ಮೊಗ್ಗನ್ನು ಬೆಂಕಿಯಿಂದ ಕಾಯ್ದುಕೊಂಡು, ಬೇರು ಬಲಿಯೋತನಕ ಕಾಯುತ್ತೆ. ಬೆಂಕಿ ನಿಲ್ಲಿಸಿದರೆ ಪೊದೆ ಎದ್ದು ನೆರಳು ಮುಚ್ಚುತ್ತೆ, ಜೇಕು ಸೊರಗುತ್ತೆ. ಒಂದು ಕಾಲಕ್ಕೆ ಅಮೆರಿಕಾದ ಆಗ್ನೇಯ ಭಾಗದಲ್ಲಿ ಲಾಂಗ್‌ಲೀಫ್ ಪೈನ್ ಕಾಡು ಸುಮಾರು 9 ಕೋಟಿ ಎಕರೆ ಇತ್ತು. ಇಪ್ಪತ್ತನೆಯ ಶತಮಾನದ ಕೊನೆಗೆ ಉಳಿದಿದ್ದು ನೂರಕ್ಕೆ ಮೂರರಷ್ಟು. ಮರ ಕಡಿದಿದ್ದು ಒಂದು ಕಾರಣ, ಬೆಂಕಿ ನಿಲ್ಲಿಸಿದ್ದು ಇನ್ನೊಂದು.

ಚಿಕ್ಕಪ್ಪ: ಈ ಮಾತನ್ನು ಊರಲ್ಲಿ ಜೋರಾಗಿ ಹೇಳಬೇಡ ಮಗಳೇ. ಪ್ರತಿ ಬೇಸಿಗೆಗೂ ಬೆಂಕಿ ರೇಖೆ ಸವರಿ, ರಾತ್ರಿ ಕಾವಲು ಕೂತು ಸೊಪ್ಪಿನ ಬೆಟ್ಟ ಉಳಿಸಿಕೊಳ್ತೀವಿ. ಅಮೆರಿಕಾದಲ್ಲಿ ಕಾಡಿಗೆ ಬೆಂಕಿ ಒಳ್ಳೇದಂತೆ ಅಂತ ಯಾರಾದರೂ ಕಡ್ಡಿ ಗೀರಿದರೆ ಕಥೆ ಮುಗೀತು.

ಮಗಳು: ನೀವು ಹೇಳೋದು ನ್ಯಾಯವೇ. ನಮ್ಮ ರಾಮಪತ್ರೆ ಮರಗಳ ಜಡ್ಡಿಗೆ ಬೆಂಕಿ ಬಿದ್ದರೆ ಅಲ್ಲಿಯ ಮರಗಳು ಸಹಿಸೋದಿಲ್ಲ. ಅವು ಹುಟ್ಟಿ ಬೆಳೆದಿದ್ದು ತಂಪಿನಲ್ಲಿ. ನಾನೂ ಅದನ್ನೇ ಹೇಳ್ತಿರೋದು. ಯಾವ ನೆಲಕ್ಕೆ ಏನು ರೂಢಿಯೋ ಅದೇ ಆಗಬೇಕು. ಅಲ್ಲಿಯ ಬೆಂಕಿ ಇಲ್ಲಿಗೆ ತರಬಾರದು, ಇಲ್ಲಿಯ ಬೆಂಕಿ ರೇಖೆ ಅಲ್ಲಿಗೆ ಒಯ್ಯಬಾರದು. ಅಲ್ಲೂ ಯಾರೋ ಕಡ್ಡಿ ಗೀರೋದಲ್ಲ. ಗಾಳಿ, ತೇವ, ಹೊಗೆ ಹೋಗೋ ದಿಕ್ಕು ಲೆಕ್ಕ ಹಾಕಿ, ತರಬೇತಾದ ತಂಡವೇ ಸುಡೋದು.

ಚಿಕ್ಕಪ್ಪ: ಅಷ್ಟು ಇದ್ದರೆ ಸರಿ. ಬೆಂಕಿ ಬಿಟ್ಟರೆ ಇನ್ನೇನು ತೊಂದರೆ ಅದಕ್ಕೆ?

ಮಗಳು: ನಿಮಗೆ ಬೇಜಾರಾಗಬಹುದು. ಬಸಿಗಾಲುವೆ.

ಚಿಕ್ಕಪ್ಪ: ಬಸಿಗಾಲುವೆ ಇಲ್ಲದೆ ತೋಟ ಇದೆಯಾ? ನೀರು ನಿಂತರೆ ಬೇರು ಕೊಳೆಯುತ್ತೆ.

ಮಗಳು: ತೋಟಕ್ಕೆ ಬೇಕು, ಒಪ್ಪಿದೆ. ಆದರೆ ಆ ಜೇಕಿಗೆ ನಿಂತ ನೀರೇ ಜೀವ. ಅಲ್ಲಿ ಪೈನ್ ನೆಡುತೋಪು ಮಾಡೋರು, ಮನೆ ಕಟ್ಟೋರು, ರಸ್ತೆ ಮಾಡೋರು ನೆಲ ಒಣಗಿಸೋದಕ್ಕೆ ಕಾಲುವೆ ತೋಡ್ತಾರೆ. ಕಾಲುವೆ ಜೇಕಿನ ಮೇಲೇ ಹೋಗಬೇಕು ಅಂತಿಲ್ಲ. ಪಕ್ಕದ ಜಮೀನಲ್ಲಿ ತೋಡಿದರೂ ಸುತ್ತಲಿನ ಅಂತರ್ಜಲ ಇಳಿಯುತ್ತೆ. ಸುಣ್ಣ ಕರಗಿದ ನೀರು ಬೇರಿಗೆ ಬಾರದೆ ಹೋಗುತ್ತೆ. ಗಿಡವನ್ನು ಯಾರೂ ಮುಟ್ಟಿರೋದಿಲ್ಲ, ಆದರೂ ಹೋಗುತ್ತೆ. ಇನ್ನೊಂದು ವಿಚಿತ್ರ ಕೇಳಿ. ಕೆಲವು ಗಿಡ ಉಳಿದಿರೋದು ರಸ್ತೆಯ ಅಂಚಿನಲ್ಲಿ, ಕರೆಂಟು ಲೈನಿನ ಕೆಳಗೆ.

ಚಿಕ್ಕಪ್ಪ: ಅಲ್ಲಿ ಯಾಕೆ?

ಮಗಳು: ಬೆಂಕಿ ಮಾಡಬೇಕಾದ ಕೆಲಸವನ್ನು ಅಲ್ಲಿ ಹುಲ್ಲು ಕೊಯ್ಯೋ ಯಂತ್ರ ಮಾಡುತ್ತೆ. ಪೊದೆ ಬೆಳೆಯದ ಹಾಗೆ ಸವರ್ತಾ ಇರುತ್ತೆ. ಹಾಗಂತ ನಿಶ್ಚಿಂತೆ ಇಲ್ಲ. ಮೇ ತಿಂಗಳಲ್ಲಿ ಕೊಯ್ದರೆ ಆ ವರ್ಷದ ಬೀಜ ಹೋಯಿತು. ಕಳೆನಾಶಕ ಹೊಡೆದರೆ ಬುಡವೇ ಹೋಯಿತು.

ಚಿಕ್ಕಪ್ಪ: ಸರ್ಕಾರದ ಪಟ್ಟಿಯಲ್ಲಿದೆ ಅಂದೆಯಲ್ಲ. ಕಾನೂನು ಏನು ಮಾಡುತ್ತೆ?

ಮಗಳು: ಅಮೆರಿಕಾದ ಅಳಿವಿನಂಚಿನ ಜೀವಿಗಳ ಕಾನೂನು 1973ರದು. ಪ್ರಾಣಿಗೆ ಕೊಟ್ಟಷ್ಟು ರಕ್ಷಣೆಯನ್ನು ಅದು ಗಿಡಕ್ಕೆ ಕೊಟ್ಟಿಲ್ಲ. ಕೇಂದ್ರ ಸರ್ಕಾರದ ನೆಲದಲ್ಲಿ ಕಿತ್ತರೆ ಅಪರಾಧ. ಕೇಂದ್ರದ ಹಣವೋ ಪರವಾನಗಿಯೋ ಇರೋ ಕಾಮಗಾರಿಯಾದರೆ ಮೊದಲು ಪರಿಶೀಲನೆ ಆಗಬೇಕು. ಖಾಸಗಿ ಜಮೀನಿನವನು ರಾಜ್ಯದ ಕಾನೂನು ಮುರಿಯದೆ ತನ್ನ ನೆಲದ ಗಿಡ ತೆಗೆದರೆ ಕೇಂದ್ರದ ಕಾನೂನು ತಡೆಯೋದಿಲ್ಲ. ಹಾಗಾಗಿ ಜಮೀನಿನವರ ಒಪ್ಪಿಗೆಯೇ ದೊಡ್ಡದು. ಅವರನ್ನು ಕೇಳದೆ ಒಳಗೆ ಕಾಲಿಡೋ ಹಾಗಿಲ್ಲ. ಕೆಲವು ಜಾಗವನ್ನು ಸಂರಕ್ಷಣಾ ಸಂಸ್ಥೆಗಳೂ ರಾಜ್ಯ ಸರ್ಕಾರವೂ ಕೊಂಡು ಇಟ್ಟುಕೊಂಡಿದ್ದಾವೆ.

ಚಿಕ್ಕಪ್ಪ: ರೈತನನ್ನು ಬೆದರಿಸೋದಕ್ಕಿಂತ ಅದು ಮೇಲು. ಆದರೂ ಕೇಳ್ತೀನಿ, ಬೇಸರ ಮಾಡ್ಕೋಬೇಡ. ಇಷ್ಟೆಲ್ಲ ಮಾಡೋ ಆ ಜೇಕಿನಿಂದ ಉಪಯೋಗ ಏನು? ತುಂಗೆಗಡ್ಡೆ ಕಳೆಯಾದರೂ ಕಷಾಯಕ್ಕೆ ಬರುತ್ತೆ. ಜೊಂಡು ಚಾಪೆಗೆ ಬರುತ್ತೆ.

ಮಗಳು: ಅದರಿಂದ ಔಷಧಿಯಿಲ್ಲ, ಚಾಪೆಯಿಲ್ಲ, ಮೇವೂ ಅಲ್ಲ. ಸುಳ್ಳು ಉಪಯೋಗ ಕಟ್ಟಿ ಹೇಳೋದಿಲ್ಲ. ಆದರೆ ಅದಿರೋ ಕಡೆ ಇನ್ನೂ ಏನೇನಿದೆ ಅಂತ ನೋಡಿ. ಸುಣ್ಣ, ಮರಳು, ನಿಂತ ನೀರು, ಬೆಂಕಿ, ಅರೆ ನೆರಳು ಒಂದೇ ಕಡೆ ಕೂಡೋ ಜಾಗ ಅದು. ಮನುಷ್ಯ ಹಣ ಸುರಿದರೂ ಮತ್ತೆ ಮಾಡೋಕೆ ಆಗೋದಿಲ್ಲ. ಜೇಕು ಇದೆ ಅಂದರೆ ಆ ಜಾಗ ಇನ್ನೂ ಕೆಟ್ಟಿಲ್ಲ ಅಂತ. ಜೇಕು ಹೋಯಿತು ಅಂದರೆ ಅದರ ನೆರೆಯ ಮೆಡೊರೂ ಕೂಡ ಹೊರಡೋ ಹೊತ್ತಾಯಿತು ಅಂತ.

ಚಿಕ್ಕಪ್ಪ: ಬೀಜ ತಂದು ಬೇರೆ ಕಡೆ ನೆಟ್ಟರೆ? ನಾವು ಅಡಿಕೆ ಸಸಿ ಎಲ್ಲಿಂದ ಎಲ್ಲಿಗೋ ಒಯ್ದಿಲ್ಲವಾ?

ಮಗಳು: ಬೀಜ ಕೂಡಿಟ್ಟುಕೊಳ್ಳೋದು ಒಳ್ಳೇದೇ, ಕೈಮೀರಿದಾಗ ಬೇಕಾಗುತ್ತೆ. ಆದರೆ ಕುಂಡದಲ್ಲಿ ಬದುಕಿದ ಜೇಕಿಗೆ ನೀರು ಹಾಕೋರು ಬೇಕು, ಸುಣ್ಣ ಹಾಕೋರು ಬೇಕು, ಕಳೆ ಕೀಳೋರು ಬೇಕು. ನೆಲದಲ್ಲಿದ್ದಾಗ ಅದನ್ನೆಲ್ಲ ನೆಲವೇ ಮಾಡ್ತಿತ್ತು. ನಡೆಯೋ ನೆಲ ಕೆಡಿಸಿ ಕುಂಡ ಹುಡುಕೋದು ಲೆಕ್ಕಕ್ಕೂ ನಷ್ಟ.

ಚಿಕ್ಕಪ್ಪ: ಇದೆಲ್ಲ ಅಲ್ಲಿಯದ್ದಾಯ್ತು. ನಮ್ಮ ಕಡೆ ಇಂಥದ್ದು ಇದ್ದೀತಾ?

ಮಗಳು: ಯಾಕಿಲ್ಲ? ಸಿದ್ದಾಪುರದ ಕತ್ತಲೆಕಾನು ನಿಮಗೇ ಗೊತ್ತು, ಜೋಗಕ್ಕೆ ಹೋಗೋ ರಸ್ತೆಯ ಪಕ್ಕ. ಅಲ್ಲಿಯ ರಾಮಪತ್ರೆ ಜಡ್ಡಿಯಲ್ಲಿ ಗೇರಿನ ಕುಟುಂಬದ ದೊಡ್ಡದೊಂದು ಮರವನ್ನು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಹೊಸ ಜಾತಿಯಾಗಿ ಹೆಸರಿಸಿದ್ದು 2000ದಲ್ಲಿ. ಎತ್ತರದ ಮರ, ಜನ ಓಡಾಡೋ ರಸ್ತೆಯ ಹತ್ತಿರ. ಆದರೂ ಇಪ್ಪತ್ತನೆಯ ಶತಮಾನ ಮುಗಿಯೋತನಕ ವಿಜ್ಞಾನಕ್ಕೆ ಗೊತ್ತಿರಲಿಲ್ಲ. ಮರದ ಪಾಡೇ ಹೀಗಾದರೆ ಮೊಣಕಾಲೆತ್ತರದ ಜೇಕನ್ನು ಯಾರು ಬಗ್ಗಿ ನೋಡಿದ್ದಾರು?

ಚಿಕ್ಕಪ್ಪ: ಆ ಜಡ್ಡಿಗಳ ನೀರು ಕೆಳಗೆ ತೋಟಗಳಿಗೇ ಬರೋದು. ಕೆಲವು ಜಡ್ಡಿ ತೋಟವೇ ಆಗಿಹೋಗಿದ್ದಾವೆ. ನಮ್ಮವರು ನೀರು ತಿರುಗಿಸಿಕೊಂಡಿದ್ದೂ ಹೌದು.

ಮಗಳು: ತೋಟವೂ ಬೇಕು, ಜಡ್ಡಿಯೂ ಬೇಕು. ಜಡ್ಡಿ ಹಿಡಿದಿಟ್ಟ ನೀರೇ ಬೇಸಿಗೆಯಲ್ಲಿ ತೋಟಕ್ಕೆ ಬರೋದು ಅಂತ ನಿಮಗೆ ನಾನು ಹೇಳಬೇಕಾ? ಕತ್ತಲೆಕಾನನ್ನೂ ಒಳಗೊಂಡ ಕಾಡನ್ನು ಸಿಂಗಳೀಕದ ಹೆಸರಿನಲ್ಲಿ 2011ರಲ್ಲಿ ಸಂರಕ್ಷಿತ ಮೀಸಲು ಮಾಡಿದರು. ಸಿಂಗಳೀಕ ಕಣ್ಣಿಗೆ ಬೀಳುತ್ತೆ, ಪೋಸ್ಟರಿಗೆ ಬರುತ್ತೆ. ಅದರ ನೆರಳಿನಲ್ಲಿ ಜಡ್ಡಿ ಉಳಿದರೆ ಒಳ್ಳೇದೇ. ಮೀಸಲಿನ ಹೊರಗಿರೋ ಜಡ್ಡಿ, ಹಡ್ಲು, ಕಲ್ಲುಹಾಸಿನ ಬಯಲುಗಳಿಗೆ ಅಂಥ ಹೆಸರು ಯಾರು ಕೊಡ್ತಾರೆ? ದಾಖಲೆಯಲ್ಲಿ ಅವೆಲ್ಲ ಪಾಳು ನೆಲ ಆಗಿಬಿಡುತ್ತೆ.

ಚಿಕ್ಕಪ್ಪ: ಸರಿ, ನನ್ನ ಬೆಟ್ಟದ ತಗ್ಗಿನಲ್ಲೊಂದು ಜೌಗು ಇದೆ. ಬಗೆಬಗೆಯ ಜೇಕು ಏಳುತ್ತೆ. ನನ್ನಂಥವನು ಏನು ಮಾಡಬಹುದು? ಲ್ಯಾಟಿನ್ ಹೆಸರು ಕೇಳಬೇಡ.

ಮಗಳು: ಹೆಸರು ಬೇಡ. ಮೊದಲು ಕಾಯಿ ಬಿಟ್ಟ ಕಾಲಕ್ಕೆ ಹೋಗಿ. ನಮ್ಮ ಕಡೆ ಮಳೆ ಇಳಿಮುಖವಾಗೋ ಹೊತ್ತಿಗೆ ಬಹಳಷ್ಟು ಜೇಕು ತೆನೆ ಬಲಿತಿರ್ತಾವೆ. ಮೊಬೈಲಿನಲ್ಲಿ ಗಿಡದ ಪೂರ್ತಿ ಚಿತ್ರ, ತೆನೆಯ ಹತ್ತಿರದ ಚಿತ್ರ, ಬುಡದ ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ. ಕೊನೆಗೆ ನಾಲ್ಕು ಹೆಜ್ಜೆ ಹಿಂದೆ ಸರಿದು ಜಾಗದ ಚಿತ್ರ. ಜನ ಮರೆಯೋದು ಇದನ್ನೇ, ಬೇಕಾಗೋದೂ ಇದೇ. ನೀರು ಎಷ್ಟು ನಿಂತಿದೆ, ಬಿಸಿಲು ಎಷ್ಟು, ಮಣ್ಣು ಕೆಂಪೋ ಕರಿಯೋ, ಅಕ್ಕಪಕ್ಕ ಯಾವ ಗಿಡ, ದಿನಾಂಕ ಏನು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ಬೇರುಸಹಿತ ಕೀಳಬೇಡಿ. ಹತ್ತಾರು ಬುಡ ಇದ್ದರೆ ತೆನೆಯಿರೋ ಒಂದು ಕಡ್ಡಿ ಕೊಯ್ದು ಹಳೇ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ. ಒಂದೆರಡೇ ಇದ್ದರೆ ಅದೂ ಬೇಡ, ಚಿತ್ರ ಸಾಕು. ಅದನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಿಗೋ, ಗಿಡಗಳ ಒಣ ಮಾದರಿ ಕೂಡಿಡೋ ಸಂಸ್ಥೆಗೋ ತೋರಿಸಿ.

ಚಿಕ್ಕಪ್ಪ: ತೋರಿಸಿದ ಮೇಲೆ ಅದು ಮಾಮೂಲಿ ಜೇಕು ಅಂದುಬಿಟ್ಟರೆ?

ಮಗಳು: ಬಹಳಷ್ಟು ಸಲ ಹಾಗೇ ಅನ್ನೋದು. ಆದರೂ ನಿಮ್ಮ ಜೌಗಿನಲ್ಲಿ ಏನೇನಿದೆ ಅನ್ನೋ ಪಟ್ಟಿಯೊಂದು ಸಿಕ್ಕಿತಲ್ಲ. ಮುಂದೆ ಯಾರಾದರೂ ಅಲ್ಲೇನಿದೆ ಮಣ್ಣು ಅಂತ ಕೇಳಿದರೆ ತೋರಿಸೋದಕ್ಕೆ ಕಾಗದ ಇರುತ್ತೆ.

ಚಿಕ್ಕಪ್ಪ: ಗದ್ದೆಯ ಜೇಕು ಮಾತ್ರ ಕೀಳಿಸಿಯೇ ತೀರ್ತೀನಿ.

ಮಗಳು: ಖಂಡಿತ ಕೀಳಿಸಿ. ಜೌಗಿನ ವಿಷಯದಲ್ಲಿ ಒಂದೇ ಮಾತು ನಡೆಸಿಕೊಡಿ. ತೆನೆ ಬಲಿತ ಕಾಲಕ್ಕೆ ಬಲ್ಲವರೊಬ್ಬರನ್ನು ಕರೆತಂದು ಒಂದು ಸಲ ತೋರಿಸದೆ ಅದಕ್ಕೆ ಬಸಿಗಾಲುವೆ ತೋಡಿಸಬೇಡಿ. ಅಕ್ಕಪಕ್ಕದ ತೋಟದವರಿಗೂ ಇದನ್ನೇ ಹೇಳಿ.